ಗುರುತು

ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಮೂವತ್ತೊಂದು ವರ್ಷ ಟೈಪು ಹೊಡೆದಿದ್ದೇನೆ.
ಬಾಂದುಕಲ್ಲು ಸರಿಸಿದ್ದು, ಚೆಕ್ಕು ತಿರುಗಿ ಬಂದದ್ದು,
ಕದ್ದ ಎಮ್ಮೆಗೆ ಎಡಗೊಂಬು ಸೊಟ್ಟ ಎಂಬುದು,
ಎಲ್ಲಕ್ಕೂ ಒಂದು ಒಕ್ಕಣೆ ಇತ್ತು ನನ್ನ ಬಳಿ
ಇಮಾಂಬಿ ಬರುವ ತನಕ.

ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬಂದಿದ್ದಳು,
ರೆಪ್ಪೆಯಲ್ಲಿ ಮಸಿ, ಸೆರಗಲ್ಲಿ ಹೊಟ್ಟು.
"ಕಳುವಾಗೈತ್ರಿ ಕೊಟ್ರಯ್ಯಾರೆ, ಬರ್ಕೊಳ್ರಿ."
ಏನು?
"ದನಿ."

ನಕ್ಕೆ. ನಗಬಾರದಿತ್ತು.
ಕಳುವಾದ ದನಿ ಎದುರಿಗೇ ನಿಂತು
ಚಹಾದಂಗಡಿಯವರೂ ತಿರುಗಿ ನೋಡುವಂತೆ ಬೈಯಿತು.

ಹೋದ ವರ್ಷ ಓಣಿಗೊಬ್ಬ ಹುಡುಗ ಬಂದಿದ್ದನಂತೆ,
ಕೊರಳಲ್ಲಿ ಬಿಲ್ಲೆ. ಗಂಟೆಗೆ ನೂರಾ ಎಂಬತ್ತು, ಓದಿದರಾಯಿತು:
ಇವತ್ತು ಬಿಸಿಲು ಜೋರಿದೆ. ಗಡಿಯಾರ ನಿಂತಿದೆ.
ನನಗೆ ಏಳು ಮಂದಿ ಸೋದರಮಾವಂದಿರು.
ಹಿಂದಿಲ್ಲದ ಮುಂದಿಲ್ಲದ ನಾಲ್ಕು ಸಾವಿರ ಮಾತು,
ಭಟ್ಟಿ ಆರಿದ ಮೇಲೆ, ಕಂಬಳಿ ಮುಸುಕಿನೊಳಗೆ,
ನಾಯಿ ಬೊಗಳಿ ಮುಗಿಯಲೆಂದು ಕಾದು ಕಾದು.
ಮೊದಲಿಗೆ ಪರದೆ ತುಂಬ ಇಂಗ್ಲಿಷು, ಕೊನೆಗೊಂದು ಹಸಿರು ಗುಂಡಿ.
"ಒತ್ತಿದ್ರೇನೇ ಮುಂದಕ್ಕ ಹೋಗ್ತಿತ್ರಿ. ಒತ್ತಿದೆ."

ಈಗ ಅದು ಬೆಳಿಗ್ಗೆ ಆರಕ್ಕೇ ಏಳುತ್ತದೆ.
ಹರಿಹರಕ್ಕೆ, ಜಗಳೂರಿಗೆ, ಕಂತು ತಪ್ಪಿದವರ ಮನೆಮನೆಗೆ
ಫೋನು ಮಾಡಿ ನಗುನಗುತ್ತ ಅನ್ನುತ್ತದೆ:
"ಅಕ್ಕಾ, ನಿಮ್ಮ ಮಗಳ ಶಾಲೆಯ ನಂಬರೂ ನಮ್ಮ ಹತ್ರ ಐತಿ."
ಎದುರುಮನೆ ರತ್ನವ್ವ ಮಾತು ಬಿಟ್ಟಿದ್ದಾಳೆ.
ನಾನಲ್ಲವೇ ಅಂದರೆ,
"ಇಪ್ಪತ್ತು ವರ್ಷ ಕೇಳೀನಿ ನಿನ್ ದನಿ."

ಹಾಳೆ ಏರಿಸಿದೆ.
ಎದುರುದಾರರು: ತಿಳಿಯದು.
ವಿಳಾಸ: ಒಂದು ಇಮೇಲು. ಬರೆದರೆ
ಮನುಷ್ಯರಿಗಿಂತ ಬೇಗ ಧನ್ಯವಾದ ಹೇಳುತ್ತದೆ.
ಸ್ವತ್ತು ಈಗ ಎಲ್ಲಿದೆ: ಫಿರ್ಯಾದಿಯ ಗಂಟಲಲ್ಲಿ.
ಥತ್. ಅಡ್ಡಗೀಟು ಹೊಡೆದೆ.
ಬೆಲೆ: ಹನ್ನೊಂದು ಗಂಟೆಯ ಕೂಲಿ,
ಗದ್ದಲ ಬಿದ್ದಿದೆಯೆಂದು ಮುರಿದುಕೊಂಡ ಎರಡು ಗಂಟೆ ಬಿಟ್ಟು.

ಪಕ್ಕದ ಮೇಜಿನ ನೋಟರಿ ಕತ್ತು ಚಾಚಿದರು,
"ಒಪ್ಪಿಗೆ ಕೊಟ್ಟಾಳಲ್ಲೋ, ಕಳುವು ಹೆಂಗಾಗ್ತದೆ?"
ಅವಳು ಅವರ ಕಡೆ ತಿರುಗಲಿಲ್ಲ.
"ಮಂಡಕ್ಕಿ ಮಾರಿದ್ದೆ ಸಾಹೇಬ್ರ. ಅದಕ್ಕ ವಿಷ ಕಲಸಿ
ನನ್ ಕೈಯಿಂದ್ಲೇ ಹಂಚಸ್ರಿ ಅಂದಿರ್ಲಿಲ್ಲ."

ಉಳಿದದ್ದು ಗುರುತು. ಎಮ್ಮೆಗಾದರೆ ಕೊಂಬಿದೆ.
ಸೆರಗಿನಿಂದ ಫೋನು ಬಿಚ್ಚಿ, ಹಿಡಿದಿಟ್ಟ ಕರೆ ಹಾಕಿ,
ಬೇರೆಯವರ ಮಗು ಅಳುವುದ ಕೇಳುವಂತೆ ಕೇಳಿದಳು.
"ನಾಕು ಮಾತಿಗೊಮ್ಮೆ ಕೆಮ್ಮತೀನ್ರಿ ನಾನು, ಹೊಗೆ ಕುಡ್ದು ಕುಡ್ದು.
ಇದು ಕೆಮ್ಮಂಗಿಲ್ಲ ನೋಡ್ರಿ."
ಹೊಡೆದೆ:
ಕಳುವಾದದ್ದಕ್ಕೆ ಕೆಮ್ಮಿಲ್ಲ.
ಕೆಮ್ಮು ಫಿರ್ಯಾದಿಯ ಬಳಿಯೇ ಬಿಟ್ಟು ಹೋಗಿರುತ್ತಾರೆ.

ಸಹಿಗೆ ಮೊದಲು ಓದಿ ನೋಡುವ ಪದ್ಧತಿ.
ಒಮ್ಮೆ ಗಟ್ಟಿಯಾಗಿ ಓದವ್ವ, ಅಂದೆ.

ಮೇಜಿನ ಮೇಲಿದ್ದ ನನ್ನ ಫೋನನ್ನು ನೋಡಿದಳು.
ಅದನ್ನು ಬೋರಲು ಹಾಕಿದಳು.
ಆಮೇಲೆ ತುಟಿ ಮಾತ್ರ ಆಡಿಸುತ್ತ, ಸಾಲಿನಡಿ ಬೆರಳಿಟ್ಟು,
ಕೊನೆಯ ತನಕ ಓದಿದಳು.