ನಾಯಿಗೂ ಒಂದು ಟಿಕೆಟ್

ನಾಲ್ಕೂವರೆಗೆ ಎದ್ದು, ಐದೂ ಮುಕ್ಕಾಲಿನ ಸಾಗರದ ಗಾಡಿಗೆಂದು
ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದರೆ
ಡೇರೆ ಗಿಡದ ಬುಡದಲ್ಲಿ, ಇನ್ನೂ ಹಬೆಯಾಡುತ್ತ,
ಇವತ್ತಿನದು.

ನನ್ನ ಅಂಗಳವೆಂದರೆ ಏನು ಮಹಾ,
ಕಾಂಪೌಂಡಿಗೂ ಮೆಟ್ಟಿಲಿಗೂ ನಡುವೆ
ಬಸ್ಸಿನ ಹಿಂದಿನ ಸೀಟಿನಷ್ಟು ಮಣ್ಣು.
ಐದು ಡೇರೆ, ಒಂದು ಸಾಲು ಕನಕಾಂಬರ,
ಚಿಲಕ ಕೂರದ ಗೇಟು.
ವಿನೋಬನಗರದ ಈ ಅಡ್ಡರಸ್ತೆಯಲ್ಲಿ
ಲೈಟುಕಂಬ ನಾಲ್ಕು, ಖಾಲಿ ಸೈಟು ಮೂರು.
ಅದೆಲ್ಲ ಬಿಟ್ಟು ಗುತ್ಯಪ್ಪ ಮೇಷ್ಟ್ರ ಸುಬೇದಾರನಿಗೆ
ನನ್ನ ಡೇರೆಯೇ ಆಗಬೇಕು.

ಮೇಷ್ಟ್ರು ಮೂವತ್ತು ವರ್ಷ ಡ್ರಿಲ್ ಮಾಡಿಸಿದವರು.
ಬಲಕ್ಕೆ ತಿರುಗು, ಎಡಕ್ಕೆ ತಿರುಗು
ಅಂತ ಅರ್ಧ ಊರನ್ನೇ ತಿರುಗಿಸಿದವರು
ನಾಯಿ ಕುಕ್ಕರಿಸಿದ ಕೂಡಲೇ
ತಾವೇ ತಿರುಗಿ ಆಕಾಶ ನೋಡುತ್ತಾರೆ.
ಹಗ್ಗದ ಆ ತುದಿಯಲ್ಲಿ ಏನಾಗುತ್ತಿದೆಯೋ
ಈ ತುದಿಗೇನು ಗೊತ್ತು, ಪಾಪ!
ಅಷ್ಟೊತ್ತು ನೋಡಲು ಅಲ್ಲೇನಿದೆ ಅಂತ
ಒಂದು ದಿನ ನಾನೂ ಕತ್ತೆತ್ತಿದೆ:
ಕೇಬಲ್ಲಿನ ವೈರು, ಅದರ ಮೇಲೊಂದು ಕಾಗೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರೆ.
ಬೊಗಳದೆ ಕಚ್ಚದೆ ಸುಮ್ಮನೆ ಕೂತೆದ್ದು ಹೋಗುವ ನಾಯಿಗೆ
ಯಾವ ಗಾದೆಯೂ ಇಲ್ಲ.

ನೀಲಿ ಕದಡಿ ಬಾಟಲಿ ತುಂಬಿ ನಿಲ್ಲಿಸಿದೆ, ಹೆದರುತ್ತದಂತೆ.
ಮೂಸಿ, ಕಾಲೆತ್ತಿ, ಬಾಟಲಿಗೂ ಸ್ವಲ್ಪ ಸಲ್ಲಿಸಿತು.
ಮೆಣಸಿನ ಪುಡಿ ಚೆಲ್ಲಿದೆ. ನಾನೇ ಸೀನಿದೆ.
ಒಮ್ಮೆ ಸಿಟ್ಟು ನೆತ್ತಿಗೇರಿ ಹಳೇ ಪೇಪರಿನಲ್ಲಿ ಕಟ್ಟಿ
ಅವರ ಗೇಟಿನ ಕಂಬದ ಮೇಲಿಟ್ಟು ಬಂದೆ,
ಪ್ರಸಾದದ ಪೊಟ್ಟಣದ ಹಾಗೆ.
ಸಂಜೆ ಮೇಷ್ಟ್ರ ಹೆಂಡತಿ ಚೌಡಮ್ಮ
‘ಯಾರೋ ಹಾಳಾದೋರು ಮಾಟ ಮಾಡ್ಸಿದಾರೆ ಕಣೇ ಹಾಲಮ್ಮ’
ಅಂತ ಗೋಡೆಯಾಚೆ ನಿಂಬೆಹಣ್ಣು ನಿವಾಳಿಸಿದರು,
ನನ್ನ ತಲೆಗೂ ಒಂದು ಸುತ್ತು ಸೇರಿಸಿ.
ಹೇಗೆ ಹೇಳಲಿ?
ಡೇರೆ ಗೆಡ್ಡೆ ಕೊಟ್ಟವರೇ ಅವರು.

ಕುಡಿದವನ ಕಾಲರ್ ಹಿಡಿದು
ನಡುದಾರಿಯಲ್ಲಿ ಇಳಿಸಿದ ಗಂಟಲು ಇದು.
ಸ್ವಂತ ಗೇಟಿನ ಹತ್ತಿರ ಬಂದರೆ
ಕೆಟ್ಟು ನಿಲ್ಲುತ್ತದೆ.

ಮೊನ್ನೆ ಸೋಮವಾರ ಡೇರೆ ಬುಡ ಖಾಲಿ ಇತ್ತು.
ಖುಷಿಯಲ್ಲಿ ಡ್ಯೂಟಿಗೆ ಬಂದರೆ
ಮುಂದಿನ ಬಾಗಿಲಿಂದ ಹತ್ತಿದರು ಮೇಷ್ಟ್ರು, ಹಿಂದೆ ಸುಬೇದಾರ.
ಆನಂದಪುರದಲ್ಲಿ ಯಾರೋ ಕಿವಿಸೋರಿಗೆ ನಾಟಿ ಔಷಧಿ ಕೊಡುತ್ತಾರಂತೆ.
‘ಎರಡು ಆನಂದಪುರ’ ಅಂದೆ.
‘ನಾನೊಬ್ನೇ ಅಲ್ವೇನಮ್ಮಾ?’
‘ನಾಯಿಗೂ ಟಿಕೆಟ್ಟಿದೆ ಮೇಷ್ಟ್ರೇ.’
‘ಹೆಣ್ಣಾಗಿದ್ರೆ ಫ್ರೀ ಆಗ್ತಿತ್ತು’ ಅಂದ ಹಿಂದಿನ ಸೀಟಿನವನೊಬ್ಬ.
ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ.
‘ಒಳಗೇನಾದ್ರೂ ಮಾಡಿದ್ರೆ?’
‘ಛೆ, ಅದಕ್ಕೆ ಶಿಸ್ತಿದೆ.’
ಶಿಸ್ತು!
ಮಿಷಿನ್ನಿನ ಬಾಯಿಂದ ಚೀಟಿ ಹರಿಯುವಾಗ
ನನ್ನ ಕೈ ನಡುಗಿದ್ದು ಅವರಿಗೆ ಕಾಣಲಿಲ್ಲ.

ಆಯನೂರು ದಾಟಿತು, ಕುಂಸಿ ದಾಟಿತು.
ಚೋರಡಿ ಸೇತುವೆ ಮೇಲೆ ಗಾಡಿ ಎತ್ತಿ ಕುಕ್ಕಿತು.
ಸುಬೇದಾರ ನನ್ನ ಚಪ್ಪಲಿ ಮೇಲೆ ಗದ್ದವಿಟ್ಟು
ಹೊಟ್ಟೆ ಬಿಗಿದು, ಕಣ್ಣು ಮೇಲೆತ್ತಿ ನೋಡುತ್ತಿತ್ತು.
ಕಟ್ಟಿಕೊಂಡಿದೆ, ಪಾಪದ್ದು.
ನನಗೆ ಗೊತ್ತಿಲ್ಲವೇ ಆ ನೋಟ?
ಹೆಂಗಸರಿಗೆ ಬಾಗಿಲಿರುವ ಜಾಗ ಸಿಗುವ ತನಕ
ಹದಿನೆಂಟು ವರ್ಷದಿಂದ ಇದೇ ದಾರಿಯಲ್ಲಿ
ಕಟ್ಟಿಕೊಂಡೇ ರೈಟ್ ರೈಟ್ ಅಂದವಳು.
ಲೋಕದಲ್ಲಿ ಅದಕ್ಕೆ ನಂಬಿಕೆಯ ಜಾಗ ಒಂದೇ ಒಂದು.
ಅದು ನನ್ನ ಡೇರೆ ಬುಡ.

ಹಾಗಂತ ಬಿಟ್ಟೇನಾ?
ಆನಂದಪುರದಲ್ಲಿ ಅವರು ಇಳಿದ ಮೇಲೆ
ಫುಟ್‌ಬೋರ್ಡಿನಿಂದ ಬಗ್ಗಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ
‘ಮೇಷ್ಟ್ರೇ, ನಾಳೆಯಿಂದ ಬರುವಾಗ ಒಂದು ಸಲಿಕೆ!’
ಅಂದವಳೇ ಸೀಟಿ ಊದಿದೆ.
ಉತ್ತರ ಡೀಸೆಲ್ ಹೊಗೆಯಲ್ಲಿ ಹೋಯಿತು.

ಈಗ ಸಲಿಕೆ ಬರುತ್ತದೆ.
ನಾಯಿ ಕೂತಾಗ ಆಕಾಶ ನೋಡುತ್ತಾರೆ,
ಎದ್ದ ಮೇಲೆ ನೆಲ ನೋಡುತ್ತಾರೆ.
ಶನಿವಾರ ಮಾತ್ರ ಮರೆಯುತ್ತಾರೆ.
ಶನಿವಾರ ನನಗೆ ರಜೆ ಅಂತ ಅವರಿಗೆ ಗೊತ್ತು.