ತೀರ್ಥಹಳ್ಳಿಯಿಂದ ಬಂದ ಅಳತೆ

ಏಳೂಕಾಲರ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ
ಸ್ವೀಟ್ ಬಾಕ್ಸಿನೊಳಗೆ ಕೂತು ಬರುತ್ತವೆ ಬಾಯಿಗಳು.
ಒದ್ದೆ ಹತ್ತಿ, ರಬ್ಬರ್ ಬ್ಯಾಂಡು, ಡಾಕ್ಟರ ಕಾಗೆಕಾಲು ಗುಬ್ಬಿಕಾಲು:
ಯಮುನಾಬಾಯಿ, ಐವತ್ತೆಂಟು, ಕೆಳದವಡೆ, ಅರ್ಜೆಂಟ್.
ಅರ್ಜೆಂಟಲ್ಲದ ಬಾಯಿ ನಾನಿನ್ನೂ ಕಂಡಿಲ್ಲ.

ದುರ್ಗಿಗುಡಿಯ ಮೆಡಿಕಲ್ ಸ್ಟೋರಿನ ಮೇಲೆ ನನ್ನ ಲ್ಯಾಬು;
ಲ್ಯಾಬೆಂದರೆ ಒಂದು ಟ್ಯೂಬ್‌ಲೈಟು, ಒಂದು ಸ್ಪಿರಿಟ್ ದೀಪ.
ಪ್ಲಾಸ್ಟರು ಬಿಸಿಯಾಗಿ, ಮತ್ತೆ ತಣಿದು, ಬಿಡಿಸಿದಾಗ
ಎಡಕ್ಕೆ ನಡುವೆ ಮೂರಿಲ್ಲ, ಬಲಕ್ಕೆ ಕೊನೆಯ ಎರಡಿಲ್ಲ,
ಮುಂದಿನ ಹಲ್ಲಿನ ಅಂಚಿನಲ್ಲೊಂದು ಸಣ್ಣ ಕಚ್ಚು
ನೂಲೆಳೆ ಸರಿಯಾಗಿ ಕೂರುವಷ್ಟು.
ಓಹೋ, ದರ್ಜಿ.
ಮುಖ ಕಾಣದೆಯೂ ಕಸುಬು ತಿಳಿಯುತ್ತದೆ ಕೆಲವರದು.

ಎಡಗಡೆ ಸುಲಭ: ಆಚೆಗೊಂದು ಈಚೆಗೊಂದು ಕಂಬ, ನಡುವೆ ಸಂಕ.
ಬಲಗಡೆಯದೇ ಪೇಚು, ಆಚೆ ದಡವೇ ಇಲ್ಲದ ಸಂಕ.
ಹಲ್ಲು ಜಗ್ಗುವುದಿಲ್ಲ, ಒಸಡು ಹಾಸಿಗೆಯಂತೆ ತಗ್ಗುತ್ತದೆ;
ಇದು ಮರೆತು ಕಟ್ಟಿದರೆ ಪಕ್ಕದ ಒಂಟಿ ಹಲ್ಲು
ವರ್ಷದೊಳಗೆ ಬುಡ ಬಿಡುತ್ತದೆ.
‘ಅದಕ್ಕೇ ಗಟ್ಟಿ ಕೊಕ್ಕೆ ಹಾಕು’ ಎಂದಿತ್ತು ಚೀಟಿ.
ಫೋನು ಮಾಡಿದೆ. ‘ಸಾರ್, ಅದೇ ಪಾಪ ಒಬ್ಬಂಟಿ, ಅದರ ಹೆಗಲಿಗೇ ಎಲ್ಲಾನೂ ಬೇಡ.’
ಆಗಲಿ, ಅಂದರು, ಆಕಳಿಸುತ್ತ.

ತಳ ಅಗಲಿಸಿದೆ, ಭಾರ ಹಂಚಿದೆ,
ಕಾಲೂರಲು ಹಲ್ಲಿನ ನೆತ್ತಿಯಲ್ಲೊಂದು ಪುಟ್ಟ ಮೆಟ್ಟು.
ಏಳಬಾರದು, ಕುಸಿಯಬಾರದು, ಪಕ್ಕಕ್ಕೆ ಓಲಾಡಬಾರದು;
ಬರುವ ದಾರಿ ಒಂದೇ, ಹೋಗುವ ದಾರಿಯೂ ಅದೇ.
ಸೀಸದ ಕಡ್ಡಿ ಹಲ್ಲಿನ ಹೊಟ್ಟೆ ಸವರಿ ಗೆರೆ ಎಳೆಯುತ್ತದೆ:
ಗೆರೆಯ ಕೆಳಗೆ ಕೊಕ್ಕೆಯ ತುದಿಗೆ ಮಾತ್ರ ಅಪ್ಪಣೆ.

ಬಿಲ್ಲು ಬರೆಯುವುದು ಹೋದ ಐದಕ್ಕೆ.
ನಿದ್ದೆ ಕೆಡಿಸುವುದು ಉಳಿದ ಒಂಬತ್ತು.

ಹಾಗಿದ್ದೂ, ಜಾರೀತೆಂಬ ಭಯಕ್ಕೆ, ಪ್ಯಾಕು ಮಾಡುವ ಮುಂಚೆ
ಇಕ್ಕಳದಲ್ಲಿ ಒಂದೇ ಒಂದು ಸಲ ಅಮುಕಿದ್ದೆ.

ಹದಿನೈದು ದಿನ ಕಳೆದು, ಲೈನಿಂಗ್ ಬಟ್ಟೆಗೆಂದು
ಗಾಂಧಿ ಬಜಾರಿಗೆ ಬಂದವರು ವಿಳಾಸ ಕೇಳಿಕೊಂಡು ಮೆಟ್ಟಿಲು ಹತ್ತಿದರು.
ಇಪ್ಪತ್ತು ವರ್ಷದಲ್ಲಿ ಮುಖದ ಸಮೇತ ಬಂದ ಮೊದಲ ಬಾಯಿ.
ಕರ್ಚೀಫು ಅಡ್ಡ ಹಿಡಿದು, ತೆಗೆದು, ಬೆಳಕಿಗೆ ತಿರುಗಿಸಿ ನೋಡಿ
ಬ್ಲೌಸು ಕೆಡಿಸಿದ ಹುಡುಗನಿಗೆ ಹೇಳುವಂತೆ ಹೇಳಿದರು:
“ಹುಕ್ಕು ಹಿಡೀಬೇಕು ಕಣಪ್ಪ, ಎಳೀಬಾರ್ದು.
ಎಳದ್ರೆ ಹುಕ್ಕಿಗೇನೂ ಆಗಲ್ಲ, ಬಟ್ಟೆ ಹೋಗುತ್ತೆ.”

ಸಡಿಲಿಸಿದೆ. ಹಾಕಿಕೊಂಡು ‘ಸಾಗರ’ ಅಂದರು, ‘ಶಿಕಾರಿಪುರ’ ಅಂದರು,
ತಲೆ ಆಡಿಸಿದರು.
ರಾತ್ರಿ ತೆಗೆದು ನೀರಲ್ಲಿಡಿ, ಒಸಡಿಗೂ ಬಿಡುವು ಬೇಕು, ಎಂದೆ.
ಕೇಳುತ್ತಿರಲಿಲ್ಲ ಅವರು. ನನ್ನ ಅಂಗಿಯ ಗುಂಡಿಯಿಂದ
ಜೋತುಬಿದ್ದ ದಾರವನ್ನೇ ನೋಡುತ್ತಿದ್ದರು;
ಬೆರಳಿಗೆ ಸುತ್ತಿ, ಅಭ್ಯಾಸಬಲದಿಂದ ಬಾಯಿ ಹತ್ತಿರ ತಂದು
ನಿಂತರು.
“ಕತ್ತರಿ ಇದೆಯಾ?”

ತಂತಿ ಕತ್ತರಿಸುವ ಇಕ್ಕಳ ಕೊಟ್ಟೆ.