ಹನ್ನೆರಡನೇ ಸುತ್ತು

ಗವಿಪುರದ ನಾಲ್ಕು ಬೀದಿಗೆ ಕಾವೇರಿ ಬಿಡುವವನು ನಾನು.
ನಸುಕಿಗೆ ಮುಚ್ಚಳ ಎತ್ತಿ, ಉದ್ದದ ಕೀಲಿ ಇಳಿಸಿ
ಹದಿನೆಂಟು ಸುತ್ತು.
ಎಲ್ಲೋ ಸೋರುತ್ತಿದೆ ಅಂದರೆ ರಸ್ತೆಗೆ ಸರಳು ಊರಿ
ತುದಿಗೆ ಕಿವಿ ಕೊಟ್ಟು ಹೇಳುತ್ತಿದ್ದೆ: ಇಲ್ಲೇ, ಅಗೆಯಿರಿ.

ಹೋದ ವಾರ ಹನ್ನೆರಡನೇ ಸುತ್ತಿಗೇ ಕೂತುಬಿಟ್ಟೆ.

ಆಸ್ಪತ್ರೆಯ ಕತ್ತಲೆ ಕೋಣೆ. ಎದೆಗೆ ತಣ್ಣನೆ ಜೆಲ್ಲಿ.
ಪರದೆಯಲ್ಲಿ ಏನೋ ರೆಪ್ಪೆ ಬಡಿಯುತ್ತಿತ್ತು.
ಸದ್ದು ಹಾಕಿದರು. ಸುಯ್, ಸುಯ್.
ಲೀಕು, ಮೇಡಂ, ಅಂದೆ
ಅವರು ಹೇಳುವ ಮೊದಲೇ.

ವಾಲ್ವಿಗೆ ಮೂರು ಎಸಳಿರಬೇಕಿತ್ತಂತೆ. ಎರಡೇ ಇವೆ.
ಸವೆದದ್ದಲ್ಲ, ತುಕ್ಕಲ್ಲ,
ಅಮ್ಮನ ಹೊಟ್ಟೆಯಲ್ಲೇ ಹಾಗೆ ಕೂಡಿಸಿದ್ದು.
ಇಷ್ಟು ವರ್ಷ ಹೇಗೆ ನಡೀತು ಮತ್ತೆ?
ಎರಡೇ ಮೂರರ ಕೆಲಸ ಮಾಡಿದವು, ಅಂದರು ಡಾಕ್ಟರ್ ನಸೀಮಾ.
ನಲವತ್ತಾರು ವರ್ಷ, ಒಂದು ದಿನವೂ ರಜೆಯಿಲ್ಲದೆ.
ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ
ಷರ್ಟಿನ ಗುಂಡಿ ಹಾಕಿಕೊಂಡೆ, ಒಂದು ತಪ್ಪಿ.

ಗುರುವಾರ ಮಗಳನ್ನೂ ಕರೆತನ್ನಿ ಅಂದಿದ್ದಾರೆ.

ದೇವಿಕಾ ಗೋಡೆ ಕಡೆ ತಿರುಗಿ ಮಲಗಿದ್ದಾಳೆ.
ಬೆನ್ನಿಗೆ ಕಿವಿಯಿಟ್ಟಿದ್ದೇನೆ, ಉಸಿರು ಬಿಗಿಹಿಡಿದು.
ಸರಳಿಲ್ಲದೆ ನನಗೇನೂ ಕೇಳಿಸುತ್ತಿಲ್ಲ.
ಗಡ್ಡ ಚುಚ್ಚುತ್ತೆ ಅಪ್ಪಾ, ಅನ್ನುತ್ತಾಳೆ ನಿದ್ದೆಯಲ್ಲೇ.